ಎಲ್ಲಾ ಕಡೆ ಆಡೋ ರೂಕಿ ರಿಸೀವರ್‌ನ ಎತ್ಕೊಳ್ಳಲಾ ಅಂತ ಕೇಳಿದ್ದಕ್ಕೆ

ಗುರೂ, ನಿನ್ನ ಪೋಸ್ಟ್ ನಿನ್ನೆ ರಾತ್ರಿನೇ ನೋಡ್ದೆ, ಫೋನಲ್ಲಿ ಇಷ್ಟೆಲ್ಲಾ ಕುಟ್ಟೋಕಾಗಲ್ಲ ಅಂತ ಈಗ ಕಾಫಿ ಇಟ್ಕೊಂಡು ಕೂತಿದೀನಿ, ಸ್ವಲ್ಪ ಉದ್ದ ಆಗತ್ತೆ. ನೀನು ಕೇಳಿದ್ದು ಇದು ತಾನೆ: ಅಮೆರಿಕನ್ ಫುಟ್‌ಬಾಲಿನ ಡ್ರಾಫ್ಟಲ್ಲಿ (ಟೀಮುಗಳು ಸರದಿ ಪ್ರಕಾರ ಕಾಲೇಜ್ ಹುಡುಗರನ್ನ ಆರಿಸ್ಕೊಳ್ಳೋದು) ನಿಮ್ಮ ಟೀಮು ಎರಡನೇ ರೌಂಡಲ್ಲಿ ಒಬ್ಬ ವೈಡ್ ರಿಸೀವರ್‌ನ (ಪಾಸ್ ಹಿಡಿಯೋನು) ತಗೊಂಡಿದೆ, ಕಾಲೇಜಲ್ಲಿ ಔಟ್‌ಸೈಡೂ (ಅಂಚಲ್ಲಿ) ಆಡ್ತಿದ್ದ, ಸ್ಲಾಟಲ್ಲೂ (ಅಂಚಿಗಿಂತ ಒಳಗೆ) ನಿಲ್ತಿದ್ದ, ಬ್ಯಾಕ್‌ಫೀಲ್ಡಿಂದ (ಲೈನಿನ ಹಿಂದಿಂದ) ಬಾಲ್ ಹಿಡ್ಕೊಂಡು ಓಡ್ತಿದ್ದ, ಎದುರಾಳಿ ಒದ್ದ ಬಾಲ್ ಹಿಡ್ದು ಕಿಕ್ ರಿಟರ್ನೂ ಮಾಡ್ತಿದ್ದ, ಟೀವೀಲಿ ಎಲ್ರೂ "ಇನ್ನೊಬ್ಬ ಡೀಬೋ" ಅಂತಿದಾರೆ (ಡೀಬೋ ಸ್ಯಾಮ್ಯುಯೆಲ್, ರಿಸೀವರ್ ಆಗಿದ್ರೂ ಬಾಲ್ ಹಿಡ್ಕೊಂಡು ಓಡ್ತಿದ್ದೋನು), ನಿಜವಾದ ಆಟಗಾರರ ಆಟಕ್ಕೆ ಪಾಯಿಂಟ್ ಎಣಿಸೋ ನಮ್ಮ ಫ್ಯಾಂಟಸಿ ಲೀಗಿನ ರೂಕಿ (ಹೊಸಬರ) ಡ್ರಾಫ್ಟಲ್ಲಿ ಬೇಗ ಎತ್ಕೊಳ್ಳಲಾ ಅಂತ.

"ಇನ್ನೊಬ್ಬ ಡೀಬೋ" ಅಂದ್ರೇನೇ ನಾನು ಜೇಬು ಹಿಡ್ಕೊಂಡುಬಿಡ್ತೀನಿ. ಪ್ರತಿ ಏಪ್ರಿಲ್ ಡ್ರಾಫ್ಟಿಗೂ ಒಬ್ಬ ಇರ್ತಾನೆ ಅಂಥವನು.

ಮೊದಲನೇ ಡೀಬೋ ಹೇಗೆ ಬಂದ ನೋಡು. 2019ರ ಡ್ರಾಫ್ಟಲ್ಲಿ ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ನೈನರ್ಸ್ ಟೀಮು 36ನೇ ಪಿಕ್ಕಲ್ಲಿ ತಗೊಂಡಿದ್ದು, ಅವನಿಗಿಂತ ಮುಂಚೆ ಹೋದ ರಿಸೀವರ್‌ಗಳು ಇಬ್ಬರೇ, ಮಾರ್ಕೀಸ್ ಬ್ರೌನ್ ಮತ್ತೆ ಎನ್‌ಕೀಲ್ ಹ್ಯಾರಿ, ಎ.ಜೆ. ಬ್ರೌನ್ ಮೆಟ್‌ಕಾಫ್ ಎಲ್ಲ ಆಮೇಲೆ. ಸೌತ್ ಕ್ಯಾರೊಲಿನಾ ಕಾಲೇಜ್ ಟೀಮಲ್ಲಿದ್ದಾಗ ಕಿಕ್ ರಿಟರ್ನಲ್ಲೇ ನಾಲ್ಕು ಟಚ್‌ಡೌನ್ (ಬಾಲನ್ನ ಎದುರಾಳಿ ತುದಿವರೆಗೂ ಒಯ್ಯೋದು) ಹೊಡೆದಿದ್ದ, 2017ರಲ್ಲಿ ಮೂರನೇ ಮ್ಯಾಚಿಗೇ ಕಾಲು ಮುರ್ಕೊಂಡು ಸೀಸನ್ ಮುಗಿಸಿದ್ದ. ಆದ್ರೆ ಮುಖ್ಯ ವಿಷ್ಯ ಏನಂದ್ರೆ 2019ರ ಜನವರೀಲಿ ಸೀನಿಯರ್ ಬೌಲಲ್ಲಿ (ಡ್ರಾಫ್ಟಿಗೆ ಮುಂಚಿನ ಕಾಲೇಜ್ ಹುಡುಗರ ಮ್ಯಾಚು) ಅವನಿದ್ದ ಸೌತ್ ಟೀಮಿಗೆ ಕೋಚಿಂಗ್ ಮಾಡಿದ್ದೇ ನೈನರ್ಸ್ ಕೋಚ್ ಶಾನಹನ್ ಮತ್ತವರ ಸ್ಟಾಫು, ಅಂದ್ರೆ ಒಂದು ವಾರ ಪೂರ್ತಿ ಹತ್ತಿರದಿಂದ ನೋಡಿ, ಇವನನ್ನ ಎಲ್ಲಿ ಹಾಕಬಹುದು ಅಂತ ತಲೇಲಿ ಲೆಕ್ಕ ಹಾಕ್ಕೊಂಡೇ ತಗೊಂಡಿರ್ತಾರೆ. ಅಷ್ಟಾದ್ರೂ ರನ್ನಿಂಗ್ ಬ್ಯಾಕ್ (ಬಾಲ್ ಕೈಗೆ ಇಸ್ಕೊಂಡು ಓಡೋನು) ಕೆಲಸ ಮೊದಲ್ನೇ ದಿನದಿಂದ ಕೊಡ್ಲಿಲ್ಲ. 2021ರ ನವೆಂಬರಲ್ಲಿ, ಅದೂ ಬ್ಯಾಕ್‌ಗಳಲ್ಲಿ ಕೆಲವರಿಗೆ ಇಂಜುರಿ ಆಗಿದ್ದಾಗ, ರನ್ನಿಂಗ್ ಬ್ಯಾಕ್ ಥರ ಕೈಗೆ ಬಾಲ್ ಕೊಟ್ಟು ಓಡಿಸೋಕೆ ಶುರು ಮಾಡಿದ್ರು. ಸೀಸನ್ ಕೊನೆಗೆ 1,405 ಯಾರ್ಡ್ ರಿಸೀವಿಂಗ್, 365 ಯಾರ್ಡ್ ರಶಿಂಗ್, ಓಡಿಯೇ ಎಂಟು ಟಚ್‌ಡೌನ್.

ಅಂಕಿ ಬಿಡು, ಒಂದು ಪ್ಲೇ ನೋಡು ಸಾಕು. 2022 ಜನವರಿ 22, ಲ್ಯಾಂಬೋ ಫೀಲ್ಡಲ್ಲಿ ಹಿಮ ಬೀಳ್ತಿದೆ, ಪ್ಯಾಕರ್ಸ್ ಜೊತೆ ಪ್ಲೇಆಫ್, ಹತ್ತು ಹತ್ತು ಸಮ, ಥರ್ಡ್ ಅಂಡ್ ಸೆವೆನ್ (ಮೂರನೇ ಯತ್ನ, ಇನ್ನೂ ಏಳು ಯಾರ್ಡ್ ಬೇಕು). ಯಾವ ಟೀಮಾದ್ರೂ ಅಲ್ಲಿ ಪಾಸ್ ಹಾಕತ್ತೆ. ಇವರು ಡೀಬೋ ಕೈಗೆ ಬಾಲ್ ಕೊಟ್ರು, ನುಗ್ಗಿ ಒಂಬತ್ತು ಯಾರ್ಡ್ ಹೋದ, ಕುಂಟ್ಕೊಂಡು ಹೊರಗೆ ಬಂದ, ಆಮೇಲೆ ನಮ್ಮ ಕಿಕ್ಕರ್ ಗೋಲ್ಡ್ 45 ಯಾರ್ಡ್ ಕಿಕ್ ಹಾಕಿ ಮ್ಯಾಚ್ ಮುಗಿಸಿದ. ಆವತ್ತು ಸನಿವೇಲಲ್ಲಿ ನಮ್ಮನೆ ಹಾಲಲ್ಲಿ ನಾನು ಕೂಗಿದ್ದಕ್ಕೆ ಮಲಗಿದ್ದ ಮಗು ಎದ್ದು, ಅದರದ್ದು ಬೇರೆ ಕಥೆ. ನಾನು ಹೇಳೋದು ಆ ಕುಂಟೋದನ್ನ ನೋಡು ಅಂತ. ಆ ಬೇಸಗೆಯಲ್ಲೇ ಬೇರೆ ಟೀಮಿಗೆ ಟ್ರೇಡ್ ಮಾಡಿ ಅಂತ ಕೇಳ್ದ, ದುಡ್ಡು ಕೊಟ್ಟು ಉಳಿಸ್ಕೊಂಡ್ರು, 2022ರಲ್ಲಿ ರಿಸೀವಿಂಗ್ 632ಕ್ಕೆ ಇಳೀತು, ಅಕ್ಟೋಬರಲ್ಲಿ ರನ್ನಿಂಗ್ ಬ್ಯಾಕ್ ಮೆಕ್ಯಾಫ್ರಿ ಬಂದ್ಮೇಲೆ ಆ ಓಡೋ ಕೆಲಸವೂ ಕಮ್ಮಿ ಆಯ್ತು, 2025ರಲ್ಲಿ ಬರೀ ಐದನೇ ರೌಂಡ್ ಪಿಕ್ಕಿಗೆ ವಾಷಿಂಗ್ಟನ್‌ಗೆ ಕಳಿಸಿದ್ರು. ಅಂದ್ರೆ ಫ್ಯಾಂಟಸೀಲಿ ನಿನಗೆ ನಿಜವಾಗ್ಲೂ ಹಬ್ಬದೂಟ ಸಿಕ್ಕಿದ್ದು ಒಂದು ಸೀಸನ್ನು.

ಇನ್ನೊಂದು ಕಡೆ ಟಾವನ್ ಆಸ್ಟಿನ್, ಇವನೂ ಎಲ್ಲಾ ಕಡೆ ಆಡೋ ರಿಸೀವರ್ರೇ. 2013ರಲ್ಲಿ ರ‍್ಯಾಮ್ಸ್ 16ರಿಂದ ಮೇಲೆ ಹತ್ತಿ ಎಂಟನೇ ಪಿಕ್ಕಲ್ಲಿ ತಗೊಂಡ್ರು. ಕೋಲ್ಟ್ಸ್ ವಿರುದ್ಧ ಒಂದೇ ಮ್ಯಾಚಲ್ಲಿ 98 ಯಾರ್ಡ್ ಪಂಟ್ ರಿಟರ್ನು, 57 ಮತ್ತೆ 81 ಯಾರ್ಡಿನ ಕ್ಯಾಚು, ಮೂರೂ ಟಚ್‌ಡೌನ್. ಅದನ್ನ ನೋಡಿ ಮುಂದಿನ ವರ್ಷ ನಮ್ಮ ಆಫೀಸ್ ಲೀಗಲ್ಲಿ ಎಲ್ಲರಿಗಿಂತ ಮುಂಚೆ ಎತ್ಕೊಂಡ ಬುದ್ಧಿವಂತ ಯಾರು ಅಂತ ಕೇಳ್ಬೇಡ. ಇಡೀ ಸೀಸನ್ 242 ಯಾರ್ಡ್ ರಿಸೀವಿಂಗ್. ಸ್ಪೀಡಿಗೇನೂ ಕೊರತೆ ಇರ್ಲಿಲ್ಲ, ಆದ್ರೆ ಎಂಬತ್ತು ಕೇಜಿ ಒಳಗಿನ ಹುಡುಗ, ಒಂದು ಕೈ ತಾಗಿದ್ರೆ ಬೀಳ್ತಿದ್ದ, ಡೀಬೋ ತೂಕ ಹತ್ರ ಹತ್ರ ತೊಂಬತ್ತೇಳು.

ಅದಕ್ಕೇ ನಿನ್ನ ಹುಡುಗನ ಹೈಲೈಟ್ಸ್ ನೋಡ್ಬೇಡ, ಎರಡು ಪೂರ್ತಿ ಮ್ಯಾಚ್ ಹಾಕ್ಕೊಂಡು ಮೊದಲ ಟ್ಯಾಕಲ್ ಆದ್ಮೇಲೆ ಏನ್ಮಾಡ್ತಾನೆ ನೋಡು, ನಿಂತಿರ್ತಾನಾ ಬಿದ್ದಿರ್ತಾನಾ. ಆಮೇಲೆ ಕಾರ್ನರ್‌ಬ್ಯಾಕ್ (ರಿಸೀವರ್‌ನ ಕಾಯೋ ಎದುರಾಳಿ) ಮುಖದ ಮುಂದೆ ಬಂದು ನಿಂತು ತಡೆದಾಗ ಬಿಡಿಸ್ಕೊಂಡು ಹೋಗ್ತಾನಾ ಅಥವಾ ಅವನಿಗೆ ಸಿಗೋ ಬಾಲೆಲ್ಲ ಲೈನಿನ ಹಿಂದೆ ಸಿಗೋ ಸ್ಕ್ರೀನ್‌ಗಳೇನಾ (ಚಿಕ್ಕ ಪಾಸ್‌ಗಳು) ಅಂತ ನೋಡು. ಎಷ್ಟೋ ಸಲ "ಎಲ್ಲಾ ಕಡೆ ಆಡ್ತಾನೆ" ಅನ್ನೋದು ರೂಟ್ (ಪಾಸ್ ಹಿಡಿಯೋಕೆ ಮೊದಲೇ ಗೊತ್ತು ಮಾಡಿದ ದಾರಿ) ಓಡೋಕೆ ಬರಲ್ಲ ಅನ್ನೋದನ್ನ ಮರ್ಯಾದೆಯಾಗಿ ಹೇಳೋದಷ್ಟೇ, ನಮ್ಮ ಕಡೆ ಹುಡುಗ ಸ್ವಂತ ಬಿಸಿನೆಸ್ಸು ಅಂತಾರಲ್ಲ ಹಂಗೆ.

ಸ್ಕೋರಿಂಗ್ ಸೆಟ್ಟಿಂಗೂ ನೋಡ್ಕೋ. ನಮ್ಮ ಲೀಗಲ್ಲಿ ಕ್ಯಾಚಿಗೆ ಒಂದು ಪಾಯಿಂಟು. ಅವನು ಸ್ನ್ಯಾಪ್‌ಗೆ (ಪ್ಲೇ ಶುರು ಆಗೋಕೆ) ಮುಂಚೆ ಅಡ್ಡ ಓಡ್ಕೊಂಡು ಬಂದಾಗ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯೋನು) ಬಾಲನ್ನ ಮುಂದಕ್ಕೆ ಸುಮ್ನೆ ತಟ್ಟಿ ಕೊಟ್ರೆ ಅದು ಪಾಸು, ಒಂದು ಕ್ಯಾಚು. ಅದೇ ಕೈಗಿಟ್ರೆ ರನ್ನು, ಆ ಒಂದು ಪಾಯಿಂಟ್ ಇಲ್ಲ. ನೋಡೋಕೆ ಒಂದೇ ಪ್ಲೇ. ಅದ್ರಿಂದ ಪ್ರೀಸೀಸನ್ನಲ್ಲಿ ನಿಮ್ಮ ಕೋಚ್ ಯಾವುದು ಮಾಡಿಸ್ತಾನೆ ಗಮನಿಸು. ಕಿಕ್ ರಿಟರ್ನ್ ಬಗ್ಗೆ ಜಾಸ್ತಿ ಖುಷಿ ಪಡ್ಬೇಡ, 2024ರಲ್ಲಿ ಕಿಕ್‌ಆಫ್‌ಗೆ ಹೊಸ ರೂಲ್ ಬಂದ್ಮೇಲೆ ರಿಟರ್ನ್ ಜಾಸ್ತಿ ಆಗಿರೋದು ನಿಜ, ಆದ್ರೆ ನಮ್ಮ ಲೀಗಲ್ಲಿ ರಿಟರ್ನ್ ಯಾರ್ಡಿಗೆ ಪಾಯಿಂಟ್ ಇಲ್ಲ, ಪೆಟ್ಟು ಬೀಳೋ ಚಾನ್ಸ್ ಮಾತ್ರ ಇದೆ.

ನಾನಾಗಿದ್ರೆ ನಮ್ಮ ರೂಕಿ ಡ್ರಾಫ್ಟಲ್ಲಿ ಎರಡನೇ ರೌಂಡ್ ಕೊನೇವರೆಗೂ ಮುಟ್ಟಲ್ಲ, ಅಲ್ಲೀವರೆಗೂ ಉಳಿದಿದ್ರೆ ಎತ್ಕೋತೀನಿ. ನನ್ನ ಪಿಕ್ ನಿನ್ನದಕ್ಕಿಂತ ಒಂದೇ ಮುಂದೆ ಇದೆ ಅನ್ನೋದನ್ನೂ ಈಗ್ಲೇ ಹೇಳ್ಬಿಡ್ತೀನಿ, ಆಮೇಲೆ ಬೈಬೇಡ.