ಎಚ್‌ಆರ್ ಓದಿದವರಿಗೆ ಮುಂದೆ ಕೆಲಸ ಇರುತ್ತಾ? ಬ್ಲಾಗ್ ಬರೆದರೆ ಏನಾದರೂ ಉಪಯೋಗ ಇದೆಯಾ?

ನಿಮ್ಮ ಪ್ರಶ್ನೆ ಓದಿದೆ. ಹಾಸನದಲ್ಲಿ ಎಂಬಿಎ ಕೊನೆಯ ಸೆಮಿಸ್ಟರ್, ಎಚ್‌ಆರ್ (ಅಂದರೆ ಕಂಪನಿಯ ಸಿಬ್ಬಂದಿ ವಿಷಯ ನೋಡಿಕೊಳ್ಳುವ ಕೆಲಸ) ತೆಗೆದುಕೊಂಡಿದ್ದೀರಿ. ಎಐ ಬಂದ ಮೇಲೆ ಈ ಕೆಲಸವೇ ಇರಲ್ಲ ಅಂತ ಗೆಳೆಯರು ಹೆದರಿಸಿದ್ದಾರೆ. ಸೀನಿಯರ್ ಒಬ್ಬರು "ಬ್ಲಾಗ್ ಬರಿ, ಹೆಸರು ಬರುತ್ತೆ, ಕೆಲಸ ತಾನಾಗೇ ಸಿಗುತ್ತೆ" ಅಂದಿದ್ದಾರೆ. ಯಾರ ಮಾತು ಕೇಳಲಿ ಅಂತ ನಿಮ್ಮ ಪ್ರಶ್ನೆ. ಕೊನೆಗೆ, ಬೆಂಗಳೂರಿಗೆ ಹೋಗಲಾ ಇಲ್ಲೇ ಇರಲಾ ಅಂತಲೂ ಕೇಳಿದ್ದೀರಿ.

ನಾನು ಹಾಸನದಲ್ಲೇ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಎಚ್‌ಆರ್‌ನಲ್ಲಿ ಇರುವವಳು. 2012ರಲ್ಲಿ ಸೇರಿದ್ದು. 2016ರಿಂದ ಪಿಎಫ್ (ಸಂಬಳದಲ್ಲಿ ಹಿಡಿದು ಕೂಡಿಡುವ ದುಡ್ಡು), ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಬಗ್ಗೆ ಕನ್ನಡದಲ್ಲಿ ಒಂದು ಬ್ಲಾಗ್ ಬರೆಯುತ್ತಿದ್ದೇನೆ. ಕಂಪನಿ ಹೆಸರು ಮಾತ್ರ ಕೇಳಬೇಡಿ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೊದಲು ಹೆದರಿಕೆ ವಿಷಯ. ನಿಮ್ಮ ಗೆಳೆಯರು ಸುಳ್ಳು ಹೇಳುತ್ತಿಲ್ಲ. ನಾನು ಸೇರಿದಾಗ ನನ್ನ ಕೆಲಸ ಅಂದರೆ ರಜೆ ಕಾರ್ಡ್ ಗೀಚುವುದು, ತಿಂಗಳ ಕೊನೆಗೆ ಓವರ್‌ಟೈಮ್ ಗಂಟೆ ಕೂಡಿಸುವುದು. ಮೂರು ಜನ, ಮೂರು ದಿನ. ಕೂಡಿಸಿದ್ದು ತಪ್ಪಾದರೆ ಇನ್ನೊಂದು ದಿನ. ಈಗ ಗೇಟಿನಲ್ಲಿ ಮುಖ ತೋರಿಸಿದರೆ ಹಾಜರಿ ಬೀಳುತ್ತದೆ, ಸಂಬಳದ ಲೆಕ್ಕ ಅರ್ಧ ಗಂಟೆ. ಆ ಮೂವರಲ್ಲಿ ಎಚ್‌ಆರ್‌ನಲ್ಲಿ ಉಳಿದವಳು ನಾನೊಬ್ಬಳೇ. ಒಬ್ಬರು ಸ್ಟೋರ್ಸ್‌ಗೆ ಹೋದರು, ಇನ್ನೊಬ್ಬರು ಚನ್ನರಾಯಪಟ್ಟಣದಲ್ಲಿ ಅಂಗಡಿ ಇಟ್ಟರು. ಆಫರ್ ಲೆಟರ್ ಟೈಪ್ ಮಾಡುವುದು, ನೂರು ಅರ್ಜಿಯಲ್ಲಿ ಹತ್ತು ಆರಿಸುವುದು, ಇಂಥದ್ದನ್ನೇ ಎಚ್‌ಆರ್ ಅಂದುಕೊಂಡು ಬಂದರೆ ಕಷ್ಟ ಇದೆ.

ಅರ್ಜಿ ಆರಿಸುವುದನ್ನು ಪೂರ್ತಿ ಯಂತ್ರಕ್ಕೆ ಬಿಟ್ಟರೂ ಎಡವಟ್ಟೇ. ಅಮೆಜಾನ್ ಕಂಪನಿ ಅಂಥದ್ದೊಂದು ಸಾಫ್ಟ್‌ವೇರ್ ಮಾಡಿ, ಕೊನೆಗೆ ಕೈಬಿಟ್ಟಿತು. 2018ರಲ್ಲಿ ಅದು ಸುದ್ದಿಯಾಯಿತು. ಹಿಂದಿನ ಹತ್ತು ವರ್ಷದ ಅರ್ಜಿಗಳನ್ನು ಅದಕ್ಕೆ ಓದಿಸಿದ್ದರು. ಅವುಗಳಲ್ಲಿ ಹೆಚ್ಚಿನವು ಗಂಡಸರದ್ದು. ಗಂಡಸರೇ ಒಳ್ಳೆಯವರು ಅಂತ ಅದು ಕಲಿತುಬಿಟ್ಟಿತು. ಹಳೇ ಸೂಪರ್‌ವೈಸರ್ ಹತ್ತಿರ ಕೆಲಸ ಕಲಿತ ಹೊಸ ಸೂಪರ್‌ವೈಸರ್ ಥರ, ಅಲ್ವಾ?

ನಮ್ಮಲ್ಲೂ ಈಗ ನಾಳೆ ಎಷ್ಟು ಜನ ಗೈರಾಗಬಹುದು ಅಂತ ಹೇಳುವ ಒಂದು ಡ್ಯಾಶ್‌ಬೋರ್ಡ್ ಇದೆ. ಸುಮಾರಾಗಿ ಸರಿ ಹೇಳುತ್ತೆ. ಆದರೆ ಹಾಸನಾಂಬ ಗುಡಿ ಬಾಗಿಲು ತೆಗೆಯುವ ದಿನಗಳಲ್ಲಿ ಅದಕ್ಕೆ ತಲೆ ಕೆಡುತ್ತದೆ. ಊರ ತುಂಬ ಜನ, ಬಸ್ ಒಳಗೆ ಬರಲ್ಲ, ಮನೆ ತುಂಬ ನೆಂಟರು. ಆಮೇಲೆ ರಾಗಿ ಕುಯ್ಲು, ಅದರ ಹಿಂದೆಯೇ ಸಕಲೇಶಪುರ, ಬೇಲೂರು ಕಡೆ ಕಾಫಿ ಹಣ್ಣು ಕೀಳುವ ಕಾಲ. ಯಾವ ಬಸ್ಸಿನಲ್ಲಿ ಯಾವ ಊರಿನವರು ಬರುತ್ತಾರೆ, ಆ ಊರಲ್ಲಿ ಈಗ ಏನು ನಡೆಯುತ್ತಿದೆ, ಇದು ಗೊತ್ತಿದ್ದವರು ಹಿಂದಿನ ವಾರವೇ ಹೊಲಿಗೆ ಲೈನಿಗೆ ಜನ ಹೊಂದಿಸುತ್ತಾರೆ. ಇದನ್ನು ಯಾವ ಸಿಲಬಸ್‌ನಲ್ಲೂ ಹೇಳಿಕೊಡಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನನ್ನ ಮೇಜಿನ ಮುಂದೆ ದಿನಾ ಊಟದ ಹೊತ್ತಿಗೆ ನಿಲ್ಲುವ ಸಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಪಿಎಫ್ ದುಡ್ಡು ಯಾಕೆ ಬರ್ತಿಲ್ಲ?" ಉತ್ತರವೂ ಹೆಚ್ಚುಕಮ್ಮಿ ಒಂದೇ. ಪಿಎಫ್ ಖಾತೆಯಲ್ಲಿ ಶಾಂತಮ್ಮ ಅಂತ ಇರುತ್ತೆ ಅಂದುಕೊಳ್ಳಿ. ಆಧಾರ್‌ನಲ್ಲಿ ಶಾಂತ ಎಚ್.ಕೆ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಶಾಂತಮ್ಮ ಕೋಂ ಇಂಥವರು. ಮೂವರೂ ಒಬ್ಬರೇ ಅಂತ ನಮಗೆ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ. ಹುಟ್ಟಿದ ತಾರೀಖಂತೂ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು ಒಂದು, ಆಧಾರ್ ಮಾಡಿಸುವಾಗ ಹೇಳಿದ್ದು ಇನ್ನೊಂದು. ಹಳೇ ಖಾತೆಗಳಲ್ಲಿ ಇದನ್ನು ಸರಿ ಮಾಡಲು ಜಾಯಿಂಟ್ ಡಿಕ್ಲರೇಷನ್ ಅನ್ನುವ ಜಂಟಿ ಅರ್ಜಿ ಕೊಡಬೇಕು, ಅದಕ್ಕೆ ಕಾರ್ಖಾನೆ ಒಪ್ಪಿಗೆ ಹಾಕಬೇಕು. ಕಾರ್ಖಾನೆ ಅಂದರೆ ಎಚ್‌ಆರ್. ಎಚ್‌ಆರ್ ಅಂದರೆ, ಇಲ್ಲಿ, ನಾನು.

2016ರಲ್ಲಿ ಆದದ್ದು ನೆನಪಿದೆಯಾ? ನೀವು ಆಗ ಸ್ಕೂಲಿನಲ್ಲಿ ಇದ್ದಿರಬೇಕು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ಒಂದು ಆದೇಶ ತಂದಿತ್ತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಇಳಿದರು. ಹೆದ್ದಾರಿ ಬಂದ್ ಆಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು. ಎರಡನೇ ದಿನವೇ ಸರ್ಕಾರ ಆದೇಶ ವಾಪಸ್ ತೆಗೆದುಕೊಂಡಿತು. ನಮ್ಮ ಕಾರ್ಖಾನೆಯಲ್ಲಿ ಗಲಾಟೆ ಆಗಲಿಲ್ಲ, ಗೇಟಿನ ಹತ್ತಿರ ಗುಂಪು ಸೇರಿತು ಅಷ್ಟೇ. ಆದರೆ ಅವತ್ತು ನನಗೆ ನಾಚಿಕೆ ಆಯಿತು. ಆ ಆದೇಶದ ಪ್ರತಿ ನಮ್ಮ ಫೈಲಿನಲ್ಲಿ ಎರಡು ತಿಂಗಳಿಂದ ಇಂಗ್ಲಿಷಿನಲ್ಲಿ ಕೂತಿತ್ತು. ನಾನು ಓದಿದ್ದೆ. ಯಾರಿಗೂ ಹೇಳಿರಲಿಲ್ಲ. ಹೇಳುವುದು ನನ್ನ ಕೆಲಸ ಅಂತ ಹೊಳೆದೇ ಇರಲಿಲ್ಲ.

ಬ್ಲಾಗ್ ಶುರುವಾಗಿದ್ದು ಹಾಗೆ. ಹೆಸರು ಮಾಡುವುದಕ್ಕಲ್ಲ, ಒಂದೇ ಉತ್ತರವನ್ನು ದಿನಕ್ಕೆ ಮೂವತ್ತು ಸಲ ಹೇಳಿ ಗಂಟಲು ಕಟ್ಟಿತ್ತು. ಮೊದಲ ಬರಹ ಹೆಸರು ಸರಿ ಮಾಡಿಸುವುದು ಹೇಗೆ ಅಂತ. ಅದನ್ನು ಪ್ರಿಂಟ್ ತೆಗೆದು ಕ್ಯಾಂಟೀನ್ ಹತ್ತಿರ ಅಂಟಿಸಿದೆ. ಸ್ವಲ್ಪ ದಿನಕ್ಕೆ ಅರಕಲಗೂಡಿನ ಒಂದು ಸೈಬರ್ ಸೆಂಟರ್‌ನಲ್ಲೂ ಅದೇ ಹಾಳೆ ಅಂಟಿಸಿದ್ದಾರೆ ಅಂತ ನಮ್ಮ ಹೆಲ್ಪರ್ ಒಬ್ಬಳು ಬಂದು ಹೇಳಿದಳು. ನನಗೆ ಬಂದ ಅತಿ ದೊಡ್ಡ ಪ್ರಶಸ್ತಿ ಅದೇ.

ಆಮೇಲೆ ಬರೆದಿದ್ದು ಪೆನ್ಷನ್ ಬಗ್ಗೆ. ಮಾಲೀಕರು ಪಿಎಫ್‌ಗೆ ಸಂಬಳದ 12% ಕಟ್ಟುತ್ತಾರೆ, ಅದರಲ್ಲಿ ಸಂಬಳದ 8.33% ಪೆನ್ಷನ್ ಖಾತೆಗೆ ಹೋಗುತ್ತೆ. 15,000 ಸಂಬಳಕ್ಕೆ ಅದು ತಿಂಗಳಿಗೆ 1,250 ರೂಪಾಯಿ ಹತ್ತಿರ. ಹತ್ತು ವರ್ಷ ಸರ್ವೀಸ್ ಆದರೆ 58ಕ್ಕೆ ಪೆನ್ಷನ್ ಸಿಗುತ್ತೆ. ನಮ್ಮ ಹೆಣ್ಣುಮಕ್ಕಳು ಎಂಟೋ ಒಂಬತ್ತೋ ವರ್ಷ ದುಡಿದು, ತಂಗಿ ಮದುವೆಗೋ ಬೋರ್‌ವೆಲ್‌ಗೋ ಅಂತ ಎಲ್ಲಾ ತೆಗೆದುಕೊಂಡು ಹೋಗುತ್ತಾರೆ. ತೆಗೆಯಬೇಡಿ ಅನ್ನಲು ನಾನ್ಯಾರು, ಬೋರ್‌ವೆಲ್ ನನ್ನದಲ್ಲ. ಆದರೆ ಹತ್ತು ವರ್ಷದ ಲೆಕ್ಕ ಗೊತ್ತಿದ್ದು ತೆಗೆಯುವುದು ಬೇರೆ, ಗೊತ್ತಿಲ್ಲದೆ ತೆಗೆಯುವುದು ಬೇರೆ. ಒಂದು ಕಾರ್ಖಾನೆ ಬಿಟ್ಟು ಇನ್ನೊಂದಕ್ಕೆ ಸೇರಿದರೂ ಅದೇ ಯುಎಎನ್ (ಪಿಎಫ್ ನಂಬರ್) ಕೊಟ್ಟು ಟ್ರಾನ್ಸ್‌ಫರ್ ಮಾಡಿಸಿದರೆ ವರ್ಷಗಳು ಕೂಡಿಕೊಳ್ಳುತ್ತವೆ. ಇದೊಂದು ವಾಕ್ಯ ಓದಿ ಫೋನ್ ಮಾಡಿದವರಿಗೆ ಲೆಕ್ಕವಿಲ್ಲ.

ಇನ್ನು ಬ್ಲಾಗಿನಿಂದ ಆದ ಅನಾಹುತ. ಇದನ್ನು ಹೇಳದೆ ನಿಮಗೆ "ಬರೀರಿ" ಅನ್ನುವುದು ಮೋಸ.

ನಮ್ಮಲ್ಲಿ ಒಬ್ಬಳು ಬಸುರಿ ಅಂತ ಐದು ತಿಂಗಳು ಮುಚ್ಚಿಟ್ಟಿದ್ದಳು. ಗೊತ್ತಾದರೆ ಕೆಲಸದಿಂದ ತೆಗೆಯುತ್ತಾರೆ ಅನ್ನುವ ಹೆದರಿಕೆ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಮೇತ ರಜೆ, ಇಎಸ್‌ಐ ಇದ್ದವರಿಗೆ ಆ ದುಡ್ಡು ಇಎಸ್‌ಐನಿಂದಲೇ ಬರುತ್ತೆ, ಆ ಸಮಯದಲ್ಲಿ ಕೆಲಸದಿಂದ ತೆಗೆಯುವ ಹಾಗೂ ಇಲ್ಲ. ಇದನ್ನೆಲ್ಲ ಅವಳಿಗೆ ಹೇಳಿದೆ, ಸಮಾಧಾನ ಆಯಿತು. ಆ ಖುಷಿಯಲ್ಲಿ ರಾತ್ರಿ ಕೂತು ಬ್ಲಾಗಿನಲ್ಲಿ ಬರೆದೆ. ಹೆಸರು ಹಾಕಲಿಲ್ಲ. "ಆಲೂರು ಕಡೆ ಬಸ್ಸಿನಲ್ಲಿ ಬರುವ ಒಬ್ಬ ಟೈಲರ್" ಅಂತ ಬರೆದೆ. ಆ ಬಸ್ಸಿನಲ್ಲಿ ಹೊಸದಾಗಿ ಮದುವೆಯಾದ ಟೈಲರ್ ಇದ್ದಿದ್ದು ಅವಳೊಬ್ಬಳೇ. ಅತ್ತೆಗೆ ಹೇಳುವ ಮೊದಲೇ ಬಸ್ಸಿಗೆಲ್ಲ ಗೊತ್ತಾಯಿತು. ಒಂದು ವಾರ ಕೆಲಸಕ್ಕೆ ಬರಲಿಲ್ಲ. ನಾನೇ ಅವರ ಊರಿಗೆ ಹೋದೆ. ಕಾಫಿ ಕೊಟ್ಟು, ತಲೆ ಬಗ್ಗಿಸಿಕೊಂಡು ಹೇಳಿದಳು, "ಹೆಸರು ಬರ್ದಿಲ್ಲ ನೀವು ಮೇಡಂ, ಬಸ್ ಬರ್ದಿದ್ದೀರಲ್ಲ."

ಮ್ಯಾನೇಜರ್ ಬೈದದ್ದು ಬೇರೆ, ಅದು ಬಿಡಿ. ಆ ಮಾತು ಇವತ್ತಿಗೂ ಚುಚ್ಚುತ್ತೆ. ಬರಹ ಅವತ್ತೇ ತೆಗೆದೆ. ಅಲ್ಲಿಂದ ನಾನು ಜನರ ಬಗ್ಗೆ ಬರೆಯುವುದಿಲ್ಲ, ನಿಯಮದ ಬಗ್ಗೆ ಬರೆಯುತ್ತೇನೆ. ಉದಾಹರಣೆ ಬೇಕಾದರೆ ಲೆಕ್ಕದ್ದು ಕೊಡುತ್ತೇನೆ. ಕೊನೆಯ ತಿಂಗಳ ಬೇಸಿಕ್, ಡಿಎ (ತುಟ್ಟಿ ಭತ್ಯೆ) ಸೇರಿ 13,000, ಆರು ವರ್ಷ ಸರ್ವೀಸ್. 13,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 7,500. ಆರು ವರ್ಷಕ್ಕೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, 45,000. ಈ ಲೆಕ್ಕ ಓದಿ ಯಾರ ಅತ್ತೆಯೂ ಜಗಳ ಆಡಲ್ಲ. ಎಚ್‌ಆರ್ ಹತ್ತಿರ ಜನ ಬಾಯಿ ಬಿಡುವುದೇ ಅದು ಹೊರಗೆ ಹೋಗಲ್ಲ ಅನ್ನುವ ನಂಬಿಕೆ ಮೇಲೆ. ಅದನ್ನು ಲೈಕ್‌ಗೆ ಮಾರಿಕೊಂಡರೆ ಮೇಜಿನ ಮುಂದೆ ಸಾಲೂ ಇರಲ್ಲ, ಬರೆಯಲು ವಿಷಯವೂ ಇರಲ್ಲ.

ಎಐ ಹತ್ತಿರ ಬರೆಸಬಹುದಲ್ಲ ಅಂತ ಕೇಳುತ್ತೀರಿ. ಬರೆಸಿ ನೋಡಿದ್ದೇನೆ. ಪಿಎಫ್ ನಾಮಿನೇಷನ್ ಬಗ್ಗೆ ಒಂದು ಸರ್ಕ್ಯುಲರ್ ಕೇಳಿದೆ. ಅಚ್ಚುಕಟ್ಟಾಗಿ ಬರೆದುಕೊಟ್ಟಿತು, "ಭವಿಷ್ಯ ನಿಧಿ", "ನಾಮನಿರ್ದೇಶನ" ಅಂತ. ತಪ್ಪೇನಿಲ್ಲ, ಸರ್ಕಾರಿ ಕನ್ನಡ. ಬೋರ್ಡಿಗೆ ಹಾಕಿದೆ. ಮಾರನೇ ದಿನ ಒಬ್ಬರು ಬಂದು, "ಮೇಡಂ, ಇದ್ಯಾವ ಹೊಸ ನಿಧಿ? ತಿಂಗಳಿಗೆ ಎಷ್ಟು ಹಿಡೀತಾರೆ?" ಅಂದರು. ಈಗ ಇಂಗ್ಲಿಷ್ ಆದೇಶದ ಸಾರಾಂಶಕ್ಕೆ ಅದನ್ನು ಬಳಸುತ್ತೇನೆ, ಮೂಲದ ಜೊತೆ ಹೋಲಿಸಿ ನೋಡುತ್ತೇನೆ. ಬೋರ್ಡಿಗೆ ಹೋಗುವ ಕನ್ನಡ ಮಾತ್ರ ನನ್ನದೇ.

ಇನ್ನು ಈ ಕೆಲಸದ ಮುಂದಿನ ದಿನಗಳು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು (ಲೇಬರ್ ಕೋಡ್) ಜಾರಿಗೆ ಬಂದವು, 29 ಹಳೇ ಕಾಯ್ದೆಗಳು ಅದರೊಳಗೆ ಸೇರಿದವು. ನಿಮ್ಮ ಪಠ್ಯ ಪುಸ್ತಕದಲ್ಲಿ ಇನ್ನೂ ಹಳೇದೇ ಇರಬಹುದು, ಹೊಸದನ್ನು ನೀವೇ ಓದಿಕೊಳ್ಳಿ. ಫ್ಯಾಕ್ಟರಿ ಆಕ್ಟ್‌ನಲ್ಲಿ 500 ಕಾರ್ಮಿಕರು ಇದ್ದರೆ ಅವರ ಕಷ್ಟಸುಖ ನೋಡಲು ವೆಲ್ಫೇರ್ ಆಫೀಸರ್ ಬೇಕಿತ್ತು. ಕಾಫಿ, ಟೀ ತೋಟಗಳಲ್ಲಿ 300 ಇದ್ದರೆ ಬೇಕಿತ್ತು. ಹೊಸ ಸಂಹಿತೆಯಲ್ಲಿ ಎರಡೂ ಕಡೆ 250. ಅಂದರೆ ಕಾನೂನೇ ಹೆಚ್ಚು ಜನರನ್ನು ಕೇಳುತ್ತಿದೆ. ಸಂಬಳದಲ್ಲಿ ಡಿಎ ಬಿಟ್ಟು ಬೇರೆ ಅಲೋಯನ್ಸ್ ಎಲ್ಲಾ ಸೇರಿ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಮೀರಿದ್ದನ್ನು ವೇಜಸ್‌ಗೇ, ಅಂದರೆ ಪಿಎಫ್, ಗ್ರಾಚ್ಯುಟಿ ಲೆಕ್ಕ ಹಾಕುವ ಮೊತ್ತಕ್ಕೇ, ಸೇರಿಸಬೇಕು. ಕೆಲಸ ಬಿಟ್ಟವರ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು. ಪೇ ಸ್ಲಿಪ್ ಬದಲಾದಾಗ ಸಾಫ್ಟ್‌ವೇರ್ ಲೆಕ್ಕ ಮಾಡುತ್ತೆ ಸರಿ. "ಕೈಗೆ ಬರೋದು ಯಾಕೆ ಕಮ್ಮಿ ಆಯ್ತು" ಅಂತ ಕೇಳಿದವರಿಗೆ ಕೂತು ಹೇಳುವವರು ಬೇಕು.

ಹೇಳುವವರು ಇಲ್ಲದಿದ್ದರೆ ಏನಾಗುತ್ತೆ ಅನ್ನುವುದನ್ನು ಕೋಲಾರದ ನರಸಾಪುರದಲ್ಲಿ ನೋಡಿದ್ದೇವೆ. 2020ರ ಡಿಸೆಂಬರ್ 12ರಂದು ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ಸಿಟ್ಟಿಗೆ ಗಾಜು, ಯಂತ್ರ ಎಲ್ಲಾ ಪುಡಿಯಾಯಿತು. ಕಾರ್ಖಾನೆಗಳ ಇಲಾಖೆ ವಿಚಾರಿಸಿದಾಗ ಕಂಡಿದ್ದು ಇಷ್ಟು: ಸ್ವಲ್ಪ ಸಮಯದಲ್ಲೇ ಕಾರ್ಮಿಕರ ಸಂಖ್ಯೆ ಹತ್ತು ಸಾವಿರ ದಾಟಿತ್ತು. ಹಾಜರಿ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅಷ್ಟು ಜನಕ್ಕೆ ತಕ್ಕ, ಕಾರ್ಮಿಕ ಕಾನೂನು ಗೊತ್ತಿರುವ ಎಚ್‌ಆರ್ ವಿಭಾಗ ಇರಲಿಲ್ಲ. ಕಲ್ಲು ಹೊಡೆದದ್ದು ಸರಿ ಅಂತ ನಾನು ಹೇಳುತ್ತಿಲ್ಲ. ನನ್ನ ಸಂಬಳದ ಲೆಕ್ಕವೇ ನನಗೆ ಅರ್ಥ ಆಗದೆ, ಕೇಳಲು ಹೋದರೆ ಯಾರೂ ಸಿಗದಿದ್ದರೆ ನನಗೂ ಕೈ ತುರಿಸುತ್ತಿತ್ತು.

ಬ್ಲಾಗ್ ಬರೆದರೆ ಕೆಲಸ ಸಿಗುತ್ತಾ? ನನಗೆ ಅದರಿಂದ ಕೆಲಸ ಸಿಕ್ಕಿಲ್ಲ, ಬಡ್ತಿಯೂ ಸಿಕ್ಕಿಲ್ಲ. ಆದರೆ ಒಂದು ನಿಯಮವನ್ನು ಏಳನೇ ಕ್ಲಾಸ್ ಓದಿದವರಿಗೆ ಅರ್ಥ ಆಗುವ ಹಾಗೆ ಬರೆಯಲು ಹೋದಾಗಲೇ ಅದು ನನಗೆ ಎಷ್ಟು ಗೊತ್ತಿಲ್ಲ ಅಂತ ಗೊತ್ತಾಗಿದ್ದು. ಇಂಗ್ಲಿಷಿನಲ್ಲಿ ಎಚ್‌ಆರ್ ಬಗ್ಗೆ ಬರೆಯುವವರು ರಾಶಿ ಇದ್ದಾರೆ, ನಾಯಕತ್ವ, ಸಂಸ್ಕೃತಿ ಅಂತ. ನೀವು ಅಲ್ಲಿ ಹೋಗಿ ಸಾಲಿನ ಕೊನೆಗೆ ನಿಲ್ಲಬೇಡಿ. ಇಎಸ್‌ಐ ಕಾರ್ಡ್‌ನಲ್ಲಿ ಅಪ್ಪ ಅಮ್ಮನ ಹೆಸರು ಸೇರಿಸುವುದು ಹೇಗೆ ಅಂತ ಕನ್ನಡದಲ್ಲಿ ಬರೆಯಿರಿ. ಓದುವವರು ಕಾಯುತ್ತಿದ್ದಾರೆ.

ಕೊನೆಗೆ, ಬೆಂಗಳೂರಾ ಹಾಸನಾ. ಊರು ಮುಖ್ಯ ಅಲ್ಲ, ಮೊದಲ ಎರಡು ವರ್ಷ ಕಾರ್ಮಿಕರು ಕಣ್ಣೆದುರು ಇರುವ ಜಾಗದಲ್ಲಿ ಕೆಲಸ ಮಾಡಿ. ಬರೀ ಫೋನ್ ಮಾಡಿ ಅಭ್ಯರ್ಥಿ ಹುಡುಕುವ ಕೆಲಸ ನಾಳೆ ಯಂತ್ರ ಮಾಡುತ್ತೆ. ಇಂಟರ್‌ವ್ಯೂನಲ್ಲಿ ಅವರು "ನಿಮಗೇನಾದರೂ ಕೇಳುವುದು ಇದೆಯಾ" ಅಂದಾಗ ಸುಮ್ನೆ ತಲೆ ಆಡಿಸಬೇಡಿ. ಎಷ್ಟು ಕಾರ್ಮಿಕರಿಗೆ ಎಷ್ಟು ಜನ ಎಚ್‌ಆರ್ ಇದ್ದಾರೆ ಅಂತ ಕೇಳಿ. ನನ್ನ ಮೇಜು ಎಲ್ಲಿರುತ್ತೆ ಅಂತಲೂ ಕೇಳಿ. ಮೂರನೇ ಮಹಡಿಯಲ್ಲಿ, ಎಸಿ ರೂಮಿನಲ್ಲಿ ಅಂದರೆ ಒಂದು ಸಲ ಯೋಚನೆ ಮಾಡಿ. ನನ್ನದು ಪ್ರೊಡಕ್ಷನ್ ಹಾಲ್ ಬಾಗಿಲ ಪಕ್ಕ, ಮಷೀನ್ ಸದ್ದಿಗೆ ಫೋನ್ ಸರಿಯಾಗಿ ಕೇಳಲ್ಲ. ಪರೀಕ್ಷೆ ಮುಗಿದ ಮೇಲೆ ಇಲ್ಲೇ ಮೆಸೇಜ್ ಹಾಕಿ, ಹೊಸ ಸಂಹಿತೆಯಲ್ಲಿ ಯಾವ ಭಾಗ ಮೊದಲು ಓದಬೇಕು ಅಂತ ಹೇಳುತ್ತೇನೆ.