ಹಳೇ ಬಟನ್ ಎಲ್ಲೋಯ್ತು ಸ್ವಾಮಿ?

ಪ್ರಶ್ನೆ: ಸರಸ್ವತಿಪುರಂನಲ್ಲಿ ಡಿಟಿಪಿ ಅಂಗಡಿ ನಂದು. ಹಳೇ ಸಿಸ್ಟಂನಲ್ಲಿ ಫೈರ್‌ಫಾಕ್ಸ್ 52 ಬ್ರೌಸರ್ ಇತ್ತು, ಹಳೇ ರೂಪ ವಾಪಸ್ ತರೋ ಕ್ಲಾಸಿಕ್ ಥೀಮ್ ರೆಸ್ಟೋರರ್ ಅನ್ನೋ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸೋ ಚಿಕ್ಕ ಪ್ರೋಗ್ರಾಂ) ಹಾಕ್ಕೊಂಡು ಟ್ಯಾಬ್‌ಗಳನ್ನ ಅಡ್ರೆಸ್ ಬಾರ್ ಕೆಳಗೆ ಇಟ್ಕೊಂಡಿದ್ದೆ. ಈಗ ಹೊಸ ಸಿಸ್ಟಂ, ಹೊಸ ಫೈರ್‌ಫಾಕ್ಸ್. ಫೈಲ್, ಎಡಿಟ್ ಮೆನು ಕಾಣ್ತಿಲ್ಲ, ಬುಕ್‌ಮಾರ್ಕ್ ಒಳಗೇ ಪೇಪರ್ ಹೆಡ್‌ಲೈನ್ ಬರ್ತಿತ್ತಲ್ಲ ಅದೂ ಇಲ್ಲ, ಹಳೇ ಎಕ್ಸ್‌ಟೆನ್ಷನ್ ಹಾಕೋಕೆ ಹೋದ್ರೆ ತಗೋತಾನೇ ಇಲ್ಲ. ಹಳೇ ವರ್ಷನ್ನೇ ಹಾಕ್ಕೊಂಬಿಡ್ಲಾ?

ಉತ್ತರ: ಅದೊಂದು ಮಾಡ್ಬೇಡಿ. ನಿಮ್ಮಲ್ಲಿ ಕಸ್ಟಮರ್‌ಗಳು ಬಂದು ಮೇಲ್ ಓಪನ್ ಮಾಡ್ತಾರೆ, ಆಧಾರ್ ಡೌನ್‌ಲೋಡ್ ಮಾಡಿಸ್ತಾರೆ, ಸೆಕ್ಯುರಿಟಿ ಅಪ್‌ಡೇಟ್ ನಿಂತೋಗಿರೋ ಬ್ರೌಸರ್‌ನಲ್ಲಿ ಅವ್ರ ಪಾಸ್‌ವರ್ಡ್ ಹೊಡೆಸೋದು ಸರಿ ಅಲ್ಲ.

ಮೆನು ಎಲ್ಲೂ ಹೋಗಿಲ್ಲ, ಬಚ್ಚಿಟ್ಟಿದಾರೆ ಅಷ್ಟೆ. ಆಲ್ಟ್ ಕೀ ಒಂದ್ಸಲ ಒತ್ತಿ, ಬರುತ್ತೆ. ಯಾವಾಗ್ಲೂ ಇರ್ಲಿ ಅಂದ್ರೆ ಟ್ಯಾಬ್ ಪಕ್ಕದ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಮೆನು ಬಾರ್‌ಗೆ ಟಿಕ್ ಹಾಕಿ. ಇಂಥದ್ದಕ್ಕೆಲ್ಲ ಎಕ್ಸ್‌ಟೆನ್ಷನ್ ಹುಡುಕ್ಕೊಂಡು ಹೋಗೋರು ಬಹಳ ಜನ ಇದಾರೆ, ಮೊದ್ಲು ರೈಟ್ ಕ್ಲಿಕ್ ಮಾಡಿ ನೋಡ್ರಪ್ಪ.

ಹೆಡ್‌ಲೈನ್ ಬರ್ತಿದ್ದದ್ದು ಲೈವ್ ಬುಕ್‌ಮಾರ್ಕ್, ಅದನ್ನ ನಿಜವಾಗ್ಲೂ ತೆಗ್ದಾಕಿದಾರೆ, 2018ರ ಡಿಸೆಂಬರ್‌ನಲ್ಲಿ ಬಂದ 64ನೇ ವರ್ಷನ್‌ನಿಂದ. ಅದರ ಬದ್ಲು ಲೈವ್‌ಮಾರ್ಕ್ಸ್ ಅಂತ ಒಂದು ಎಕ್ಸ್‌ಟೆನ್ಷನ್ ಇದೆ, ಹೆಚ್ಚುಕಮ್ಮಿ ಅದೇ ಕೆಲ್ಸ ಮಾಡುತ್ತೆ, ಆದ್ರೆ ಆ ಪೇಪರ್‌ನವ್ರು ಆರ್‌ಎಸ್‌ಎಸ್ ಫೀಡ್ (ಹೊಸ ಹೆಡ್‌ಲೈನ್‌ಗಳ ಪಟ್ಟಿ ಒದಗಿಸೋ ಕೊಂಡಿ) ಇನ್ನೂ ಇಟ್ಟಿರ್ಬೇಕು.

ಇನ್ನು ಟ್ಯಾಬ್ ವಿಷ್ಯ. 2017ರ ನವೆಂಬರ್‌ನಲ್ಲಿ 57ನೇ ವರ್ಷನ್ ಬಂದಾಗ ಹಳೇ ಥರದ ಎಕ್ಸ್‌ಟೆನ್ಷನ್‌ಗಳನ್ನ ಒಂದೇ ಏಟಿಗೆ ಕೈಬಿಟ್ರು. ಅದಕ್ಕೂ ಮೊದ್ಲು ಎಕ್ಸ್‌ಟೆನ್ಷನ್ ಅನ್ನೋದು ಅಡುಗೆಮನೆ ತನಕ ನುಗ್ಬೋದಿತ್ತು, ಈಗ ಜಗಲಿ ಮೇಲೆ ಕೂರ್ಸಿ ಕೇಳಿದ್ದನ್ನ ತಂದ್ಕೊಡ್ತಾರೆ. ಯಾವ ಬಟನ್ ಬೇಕಾದ್ರೂ ಕಿತ್ತು ಎಲ್ಲಿ ಬೇಕಾದ್ರೂ ಇಡೋ ಸ್ವಾತಂತ್ರ್ಯ ಆವಾಗಿತ್ತು ನಿಜ, ಆದ್ರೆ ಒಂದು ಎಕ್ಸ್‌ಟೆನ್ಷನ್ ಎಡವಟ್ಟಾದ್ರೆ ಇಡೀ ಬ್ರೌಸರ್ ಮಲಗ್ತಿತ್ತು, ಒಳಗಿನ ಕೋಡ್ ಒಂಚೂರು ಬದಲಾಯ್ಸಿದ್ರೂ ನೂರೆಂಟು ಎಕ್ಸ್‌ಟೆನ್ಷನ್ ಕೆಟ್ಟೋಗ್ತಿತ್ತು. ನಿಮ್ಮ ಥೀಮ್ ರೆಸ್ಟೋರರ್ ಹೋಗಿದ್ದು ಈ ಏಟಿಗೇ, ಅದಿನ್ನು ಬರಲ್ಲ. ಟ್ಯಾಬ್ ಕೆಳಗೇ ಬೇಕು ಅನ್ನೋ ಹಠ ಇದ್ರೆ ಅಡ್ರೆಸ್ ಬಾರ್‌ನಲ್ಲಿ ಅಬೌಟ್:ಕಾನ್ಫಿಗ್ (about:config) ಅಂತ ಹೊಡೆದು ಒಳಗಿನ ಸೆಟ್ಟಿಂಗ್ಸ್‌ಗೆ ಹೋಗಿ ಲೆಗಸಿ ಯೂಸರ್ ಪ್ರೊಫೈಲ್ ಕಸ್ಟಮೈಸೇಷನ್ಸ್ ಅನ್ನೋದನ್ನ ಟ್ರೂ ಮಾಡಿ, ಫೈರ್‌ಫಾಕ್ಸ್ ನಿಮ್ಮ ಸೆಟ್ಟಿಂಗ್ಸ್ ಇಡೋ ಪ್ರೊಫೈಲ್ ಫೋಲ್ಡರ್ ಒಳಗೆ ಕ್ರೋಮ್ (chrome) ಅಂತ ಒಂದು ಫೋಲ್ಡರ್ ಮಾಡಿ ಅದ್ರಲ್ಲಿ ಬ್ರೌಸರ್ ರೂಪ ಬದಲಾಯ್ಸೋ ಯೂಸರ್‌ಕ್ರೋಮ್ ಸಿಎಸ್‌ಎಸ್ (userChrome.css) ಫೈಲ್ ಇಡ್ಬೇಕು. ಆಗುತ್ತೆ, ಆದ್ರೆ ಯಾವ್ದೋ ಅಪ್‌ಡೇಟ್ ಬಂದಾಗ ಕೆಡುತ್ತೆ, ಮತ್ತೆ ಕೂತ್ಕೊಂಡು ರಿಪೇರಿ. ನನ್ನ ಕೇಳಿದ್ರೆ ಸೆಟ್ಟಿಂಗ್ಸ್‌ನಲ್ಲಿ ವರ್ಟಿಕಲ್ ಟ್ಯಾಬ್ಸ್ ಆನ್ ಮಾಡಿ, ಟ್ಯಾಬ್‌ಗಳು ಪಕ್ಕಕ್ಕೆ ಬಂದು ಸಾಲಾಗಿ ನಿಲ್ತವೆ, ಅಗಲದ ಮಾನಿಟರ್‌ಗೆ ಅದೇ ವಾಸಿ.

ಹಾಂ, ಹಳೇ ಸಿಸ್ಟಂ ಗುಜರಿಗೆ ಹಾಕೋ ಮುಂಚೆ ಬುಕ್‌ಮಾರ್ಕ್ ಎಲ್ಲಾ ಎಚ್‌ಟಿಎಂಎಲ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡ್ಕೊಳಿ.

ಪ್ರಶ್ನೆ: ಮಂಡ್ಯದಲ್ಲಿ ಸೈಬರ್ ಸೆಂಟರ್ ಇದೆ. ಹೊಸ ಕ್ರೋಮ್ ಬಂದ್ಮೇಲೆ ಜಾಹೀರಾತು ತಡೆಯೋ ಯುಬ್ಲಾಕ್ ಒರಿಜಿನ್ ಎಕ್ಸ್‌ಟೆನ್ಷನ್ ತಾನೇ ಆಫ್ ಆಗೋಯ್ತು, ಸಪೋರ್ಟ್ ಇಲ್ಲ ಅಂತದೆ. ವೈರಸ್ ಏನಾದ್ರೂ ಹೊಕ್ಕೊಂತಾ?

ಉತ್ತರ: ವೈರಸ್ಸೂ ಇಲ್ಲ ಏನೂ ಇಲ್ಲ, ಗೂಗಲ್‌ನೋರೇ ಮಾಡಿದ್ದು. ಎಕ್ಸ್‌ಟೆನ್ಷನ್ ಹೆಂಗೆ ಕೆಲ್ಸ ಮಾಡ್ಬೇಕು ಅನ್ನೋ ಹಳೇ ಪದ್ಧತಿ ಹೆಸ್ರು ಮ್ಯಾನಿಫೆಸ್ಟ್ ವಿ2, ಅದ್ರಲ್ಲಿ ಪೇಜ್ ಏನೇನು ತರಿಸ್ಕೊಳುತ್ತೋ ಅದನ್ನೆಲ್ಲ ಎಕ್ಸ್‌ಟೆನ್ಷನ್ನೇ ತಡೆದು ನೋಡಿ ಬಿಡ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡ್ತಿತ್ತು. ಹೊಸ ಪದ್ಧತಿ ವಿ3ಯಲ್ಲಿ ಎಕ್ಸ್‌ಟೆನ್ಷನ್ ಮೊದ್ಲೇ ಒಂದು ರೂಲ್ಸ್ ಪಟ್ಟಿ ಕೊಟ್ಟಿರ್ಬೇಕು, ತಡೆಯೋ ಕೆಲ್ಸ ಕ್ರೋಮೇ ಮಾಡುತ್ತೆ. ಇದು ಪ್ರೈವಸಿಗೆ, ಸ್ಪೀಡ್‌ಗೆ ಅಂತಾರೆ. ಜಾಹೀರಾತಿನಲ್ಲೇ ಹೊಟ್ಟೆ ಹೊರೆಯೋ ಕಂಪನಿ ಈ ಮಾತು ಹೇಳಿದ್ರೆ ಜನ ಅನುಮಾನ ಪಡದೆ ಇರ್ತಾರಾ, ನೀವೇ ಹೇಳಿ.

ಕ್ರೋಮೇ ಬೇಕು ಅಂದ್ರೆ ಯುಬ್ಲಾಕ್ ಒರಿಜಿನ್ ಲೈಟ್ ಹಾಕಿ, ಅದನ್ನೂ ಬರೆದೋರು ಯುಬ್ಲಾಕ್ ಒರಿಜಿನ್ ಬರೆದ ರೇಮಂಡ್ ಹಿಲ್ಲೇ. ದಿನದ ಕೆಲ್ಸಕ್ಕೆ ಸಾಕು. ಪೂರ್ತಿ ಯುಬ್ಲಾಕ್ ಒರಿಜಿನ್ನೇ ಬೇಕು ಅಂದ್ರೆ ಫೈರ್‌ಫಾಕ್ಸ್‌ನಲ್ಲಿ ನಡೆಯುತ್ತೆ. ಹಾಕೋವಾಗ ಹೆಸ್ರು ಪೂರ್ತಿ ಓದಿ, ಬರೀ ಯುಬ್ಲಾಕ್ ಅನ್ನೋದು ಬೇರೇನೇ, ಅದಕ್ಕೂ ಇದಕ್ಕೂ ಈಗ ಸಂಬಂಧ ಇಲ್ಲ. ಎಲ್ಲಾ ವೆಬ್‌ಸೈಟ್‌ನ ಡೇಟಾ ಓದಿ ಬದಲಾಯಿಸ್ಬೋದು ಅಂತ ಪರ್ಮಿಷನ್ ಕೇಳಿದಾಗ ಆ್ಯಡ್ ಬ್ಲಾಕರ್ ಕೇಳಿದ್ರೆ ಅರ್ಥ ಇದೆ, ವಾಲ್‌ಪೇಪರ್ ಎಕ್ಸ್‌ಟೆನ್ಷನ್ ಯಾಕೆ ಕೇಳ್ಬೇಕು? ರೈತರು ಪಹಣಿ ತೆಗೆಸೋಕೆ ಬರೋ ಸಿಸ್ಟಂನಲ್ಲಿ ಅಂಥದ್ದು ಒಂದೂ ಇರ್ಬಾರ್ದು, ಇದ್ರೆ ಇವತ್ತೇ ಕಿತ್ತಾಕಿ.

ಪ್ರಶ್ನೆ: ನಮ್ಮ ಆಫೀಸಿನ ಹಳೇ ಸೈಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಓಪನ್ ಆಗೋದು. ಈಗ ಬರೀ ಎಡ್ಜ್ ಇದೆ, ಏನ್ ಮಾಡ್ಲಿ? (ಕುವೆಂಪುನಗರ, ಮೈಸೂರು)

ಉತ್ತರ: ಎಡ್ಜ್ ಒಳಗೇ ಐಇ (ಇಂಟರ್ನೆಟ್ ಎಕ್ಸ್‌ಪ್ಲೋರರ್) ಮೋಡ್ ಇದೆ. ಸೆಟ್ಟಿಂಗ್ಸ್, ಡಿಫಾಲ್ಟ್ ಬ್ರೌಸರ್‌ಗೆ ಹೋಗಿ ಐಇ ಮೋಡ್‌ನಲ್ಲಿ ರೀಲೋಡ್ ಮಾಡೋದಕ್ಕೆ ಅಲೋ ಕೊಟ್ಟು ಎಡ್ಜ್ ರೀಸ್ಟಾರ್ಟ್ ಮಾಡಿ. ಅಲ್ಲೇ ಕೆಳಗಿರೋ ಪಟ್ಟಿಗೆ ಸೈಟ್ ಅಡ್ರೆಸ್ ಸೇರ್ಸಿ, ಆಮೇಲೆ ತಾನಾಗೇ ಹಂಗೇ ಓಪನ್ ಆಗುತ್ತೆ. 30 ದಿನ ಆದ್ಮೇಲೆ ಪಟ್ಟಿಯಿಂದ ಬಿಟ್ಟೋಗುತ್ತೆ, ಮತ್ತೆ ಸೇರಿಸ್ಬೇಕು. ಮೈಕ್ರೋಸಾಫ್ಟ್‌ನೋರು ಕಡೇಪಕ್ಷ 2029ರವರೆಗೆ ಈ ಮೋಡ್ ಇರುತ್ತೆ ಅಂದಿದಾರೆ, ಅಷ್ಟ್ರೊಳಗೆ ಸೈಟ್ ಹೊಸ್ದು ಮಾಡ್ಸಿ ಅಂತ ಆಫೀಸಿನೋರಿಗೆ ಒಂದು ಲೆಟರ್ ಬರೆದ್ಹಾಕಿ.