ಖಾಲಿ ರೋಡಲ್ಲಿ ಸರಿಯಾಗಿ ಓಡಿಸ್ತೀನಿ, ಟ್ರಾಫಿಕ್‌ಗೆ ಇಳಿದ್ರೆ ಭಯ. ಬೈಕ್ ಸೇಫಾಗಿ ಓಡಿಸೋದು ಹೇಗೆ?

ಲೈಸೆನ್ಸ್ ಸಿಕ್ಕಿ ಎರಡು ತಿಂಗಳಾಯ್ತು, ಟ್ರಾಫಿಕ್ ಶುರುವಾದ ತಕ್ಷಣ ಕೈ ಬಿಗಿಯುತ್ತೆ, ಯಾವ ಕಡೆ ನೋಡ್ಬೇಕು ಅಂತಾನೇ ಗೊತ್ತಾಗಲ್ಲ ಅಂತ ಕೇಳಿದೀರಿ. ನಾನು ಹದಿನಾಲ್ಕು ವರ್ಷದಿಂದ ದಿನಾ ಬೈಕಲ್ಲೇ ಕೆಲಸಕ್ಕೆ ಹೋಗಿ ಬರ್ತಿದೀನಿ, ಒಂದು ಸಲ ಕಾರಿಗೆ ಗುದ್ದಿ ಕಾಲರ್ ಬೋನ್ ಮುರಿದಿತ್ತು. ಅದನ್ನೇ ಮೊದಲು ಹೇಳ್ತೀನಿ, ಯಾಕಂದ್ರೆ ಯಾವ ಕಡೆ ನೋಡ್ಬೇಕು ಅನ್ನೋದಕ್ಕೆ ಉತ್ತರ ಅದರಲ್ಲೇ ಇದೆ.

ಸಂಜೆ ಹೊತ್ತು, ರೋಡು ಒಣಗಿತ್ತು, ನನ್ನ ಸ್ಪೀಡು ಐವತ್ತರ ಒಳಗೇ ಇತ್ತು. ಎದುರಿಂದ ಬಂದ ಒಂದು ಕಾರು ನನ್ನ ದಾರಿ ದಾಟಿ ಪಕ್ಕದ ರೋಡಿಗೆ ಹೋಗೋಕೆ ಅಂತ ಮಧ್ಯದಲ್ಲಿ ನಿಂತಿತ್ತು. ಡ್ರೈವರ್ ನನ್ನ ಕಡೆನೇ ನೋಡ್ತಿದ್ರು, ನಾನೂ ಅವರ ಮುಖ ನೋಡಿದೆ, ಸರಿ ನನ್ನನ್ನ ನೋಡಿದಾರೆ ನಿಲ್ತಾರೆ ಅಂದ್ಕೊಂಡು ಅದೇ ಸ್ಪೀಡಲ್ಲಿ ಬಂದೆ, ಇನ್ನೇನು ದಾಟ್ಬೇಕು ಅನ್ನೋಷ್ಟರಲ್ಲಿ ಕಾರು ಅಡ್ಡ ಬಂತು. ಬಿದ್ದ ಮೇಲೆ ಅವರು ಓಡಿಬಂದು ಹೇಳಿದ ಮೊದಲ ಮಾತು, "ಅಯ್ಯೋ, ನಿಮ್ಮನ್ನ ನೋಡ್ಲೇ ಇಲ್ಲ ಸಾರ್". ಆಗ ವಿಪರೀತ ಕೋಪ ಬಂತು. ಆಮೇಲೆ ಈ ವಿಷಯ ಓದ್ತಾ ಹೋದ ಹಾಗೆ ಅವರು ಸುಳ್ಳು ಹೇಳಿರ್ಲಿಲ್ಲ ಅಂತ ಅರ್ಥ ಆಯ್ತು.

ಕಣ್ಣು ಆ ಕಡೆ ತಿರುಗಿದ ಮಾತ್ರಕ್ಕೆ ಕಂಡ ಹಾಗಲ್ಲ. ನಾವು ತಲೆ ತಿರುಗಿಸಿ ರೋಡು ನೋಡುವಾಗ ಕಣ್ಣು ಒಂದೇ ಸಮ ಜಾರಿಕೊಂಡು ಹೋಗಲ್ಲ, ಕುಪ್ಪಳಿಸಿ ಕುಪ್ಪಳಿಸಿ ಹೋಗುತ್ತೆ, ಒಂದು ಕುಪ್ಪಳದ ಮಧ್ಯದಲ್ಲಿರೋದನ್ನ ಮೆದುಳು ಸರಿಯಾಗಿ ತಗೊಳ್ಳೋದೇ ಇಲ್ಲ. ಕಾರಿನ ಮುಂದಿನ ಗಾಜಿನ ಪಕ್ಕದ ಕಂಬ ಇರುತ್ತಲ್ಲ, ಅದರ ಹಿಂದೆ ಒಂದು ಬೈಕು ಪೂರ್ತಿ ಮರೆಯಾಗ್ಬಹುದು. ಇನ್ನು ನೇರ ತಮ್ಮ ಕಡೆಗೇ ಬರ್ತಿರೋ ಬೈಕು ಅವರ ಕಣ್ಣಿಗೆ ಅಲ್ಲಾಡದ ಒಂದು ಸಣ್ಣ ಚುಕ್ಕೆ ಥರ ಕಾಣುತ್ತೆ, ತೀರಾ ಹತ್ತಿರ ಬಂದ ಮೇಲೆ ದಿಢೀರ್ ದೊಡ್ಡದಾಗುತ್ತೆ. ಕಂಡ್ರೂ ಕೂಡ, ಸಣ್ಣ ವಸ್ತು ಆಗಿರೋದ್ರಿಂದ ಇನ್ನೂ ದೂರ ಇದೆ, ನಿಧಾನ ಬರ್ತಿದೆ ಅಂತ ಅಂದಾಜು ಹಾಕ್ತಾರೆ. ಸೂರ್ಯ ನಿಮ್ಮ ಬೆನ್ನ ಹಿಂದೆ ಕೆಳಗಿದ್ರೆ ಇನ್ನೂ ಕಷ್ಟ, ನಿಮಗೆ ರೋಡು ಚೆನ್ನಾಗಿ ಕಾಣ್ತಿರುತ್ತೆ, ಎದುರಿನವರಿಗೆ ಕಣ್ಣು ಕುಕ್ತಿರುತ್ತೆ. ನಿಮ್ಮ ನೆರಳು ಉದ್ದಕ್ಕೆ ಮುಂದೆ ಬಿದ್ದಿದ್ರೆ, ಆ ನೆರಳು ತೋರಿಸ್ತಿರೋ ದಿಕ್ಕಿಂದ ಬರೋರಿಗೆ ನೀವು ಕಾಣ್ತಿಲ್ಲ ಅಂತಾನೇ ಇಟ್ಕೊಳ್ಳಿ.

ಇದು ನನ್ನೊಬ್ಬನ ಕಥೆ ಅಲ್ಲ. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಅನ್ನೋ ಸಂಶೋಧಕರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ ಸುಮಾರು 900 ಬೈಕ್ ಅಪಘಾತಗಳನ್ನ ಆದ ಜಾಗಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಡ್ತು. ಹೆಚ್ಚು ಕಮ್ಮಿ ಮುಕ್ಕಾಲು ಭಾಗ ಅಪಘಾತಗಳು ಬೇರೆ ವಾಹನಕ್ಕೆ ಗುದ್ದಿ ಆದವು, ಅದರಲ್ಲಿ ಮೂರರಲ್ಲಿ ಎರಡು ಪಾಲು ಆ ಇನ್ನೊಂದು ವಾಹನ ಬೈಕಿಗೆ ದಾರಿ ಬಿಡದೆ ಅಡ್ಡ ಬಂದು ಆಗಿದ್ದು. ಸವಾರನಿಗೆ ಏನಾದ್ರೂ ಮಾಡೋಕೆ ಸಿಕ್ಕ ಸಮಯ ಸಾಮಾನ್ಯವಾಗಿ ಎರಡು ಸೆಕೆಂಡಿಗಿಂತ ಕಮ್ಮಿ. ಹಳೇ ವರದಿ ನಿಜ, ಆದ್ರೆ ಮನುಷ್ಯರ ಕಣ್ಣು ಆಗಿನಿಂದ ಬದಲಾಗಿಲ್ಲವಲ್ಲ.

ಹಾಗಾಗಿ ಡ್ರೈವರ್ ಮುಖ ನೋಡ್ಬೇಡಿ, ಕಾರಿನ ಮುಂದಿನ ಚಕ್ರ ನೋಡಿ. ಕಾರು ಹೊರಡುವಾಗ ಬಾಡಿಗಿಂತ ಮುಂಚೆ ಚಕ್ರ ತಿರುಗಿದ್ದು ಗೊತ್ತಾಗುತ್ತೆ. ಜಂಕ್ಷನ್ ಹತ್ತಿರ ಬರ್ತಿದ್ದ ಹಾಗೆ ಆಕ್ಸಿಲರೇಟರ್ ಬಿಡಿ, ಎರಡು ಬೆರಳು ಮುಂದಿನ ಬ್ರೇಕ್ ಮೇಲೆ ಇರ್ಲಿ. ನಿಮ್ಮ ಲೇನ್ ಒಳಗೇ ನಿಧಾನಕ್ಕೆ ಸ್ವಲ್ಪ ಪಕ್ಕಕ್ಕೆ ಸರಿದು ಬನ್ನಿ, ಆ ಅಡ್ಡ ಚಲನೆ ಕಣ್ಣಿಗೆ ಬೀಳುತ್ತೆ, ಜೊತೆಗೆ ಅಡ್ಡ ಬರ್ಬಹುದಾದ ಕಾರಿಂದ ನಿಮಗೂ ಸ್ವಲ್ಪ ಜಾಗ ಸಿಗುತ್ತೆ. ಪಕ್ಕದಲ್ಲಿ ಅದೇ ದಿಕ್ಕಿಗೆ ಕಾರು ಹೋಗ್ತಿದ್ರೆ ಅದರ ಜೊತೆಗೇ ಜಂಕ್ಷನ್ ದಾಟಿ, ಬೈಕನ್ನ ಗಮನಿಸದೋರು ಕಾರನ್ನಂತೂ ಗಮನಿಸ್ತಾರೆ. ಹಾಂ, ಇನ್ನೊಂದು, ತಿರುಗಿದ ಮೇಲೆ ಇಂಡಿಕೇಟರ್ ಆಫ್ ಮಾಡೋದು ಮರೀಬೇಡಿ. ನೀವು ತಿರುಗ್ತೀರಿ ಅಂತ ನಂಬಿ ಯಾರೋ ಮುಂದೆ ಬಂದ್ಬಿಡ್ತಾರೆ.

ಹರ್ಟ್ ತಂಡದ ಆ ವರದೀಲಿ ಇನ್ನೊಂದು ವಿಷಯ ಇತ್ತು, ಗಾಬರಿಯಾದ ಸವಾರರು ಹಿಂದಿನ ಬ್ರೇಕ್ ಜೋರಾಗಿ ತುಳಿದು ಚಕ್ರ ಜಾರಿಸ್ಕೊಂಡಿದ್ರು, ಮುಂದಿನ ಬ್ರೇಕನ್ನ ಸರಿಯಾಗಿ ಹಿಡಿದೇ ಇರ್ಲಿಲ್ಲ. ಮುಂದಿನ ಬ್ರೇಕ್ ಹಿಡಿದ್ರೆ ಮುಗ್ಗರಿಸ್ತೀವಿ ಅಂತ ಎಷ್ಟೋ ಜನ ಹೇಳ್ಕೊಟ್ಟಿರ್ತಾರೆ, ಆ ಭಯ ಬಿಡ್ಬೇಕು. ಬ್ರೇಕ್ ಹಾಕ್ದಾಗ ಭಾರ ಬಹುಪಾಲು ಮುಂದಿನ ಚಕ್ರಕ್ಕೆ ಬರುತ್ತೆ, ಗಾಡಿ ನಿಲ್ಲಿಸೋ ಶಕ್ತಿ ಬಹುಪಾಲು ಅಲ್ಲೇ ಇರೋದು. ತಪ್ಪಾಗೋದು ಥಟ್ಟಂತ ಹಿಡಿದಾಗ. ಮೊದಲು ಸ್ವಲ್ಪ ಹಿಂಡಿ, ಮುಂದಿನ ಫೋರ್ಕ್ ಕೆಳಗೆ ಕೂತ್ಕೊಳ್ಳುತ್ತೆ, ಆಮೇಲೆ ಗಟ್ಟಿಯಾಗಿ ಹಿಂಡ್ತಾ ಹೋಗಿ, ಗಾಡಿ ನೆಟ್ಟಗಿರ್ಬೇಕು, ಹ್ಯಾಂಡಲ್ ಸೀದಾ ಇರ್ಬೇಕು. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಇಲ್ದಿರೋ ಗಾಡಿಯಾದ್ರೆ, ಚಕ್ರ ಲಾಕ್ ಆಯ್ತು ಅನ್ಸಿದ ತಕ್ಷಣ ಬಿಟ್ಟು ಮತ್ತೆ ಹಿಡೀರಿ. ಇದನ್ನ ಓದಿ ಕಲಿಯೋಕಾಗಲ್ಲ, ಖಾಲಿ ಮೈದಾನದಲ್ಲಿ ಇಪ್ಪತ್ತರಿಂದ ಶುರು ಮಾಡಿ ನಲವತ್ತರವರೆಗೆ ಹತ್ತಾರು ಸಲ ಮಾಡಿ ನೋಡಿ. ನನಗೆ ಕಾರು ಅಡ್ಡ ಬಂದಾಗ ಇದು ಕೈಗೆ ಬಂದಿದ್ರೆ ಪೂರ್ತಿ ತಪ್ಪಿಸ್ಕೊಳ್ದೇ ಇದ್ರೂ ಅಷ್ಟು ಜೋರಾಗಿ ಗುದ್ತಿರ್ಲಿಲ್ಲ ಅಂತ ಈಗ್ಲೂ ಅನ್ಸುತ್ತೆ.

ಸ್ಪೀಡ್ ಬಗ್ಗೆ ಒಂದು ಲೆಕ್ಕ ಹೇಳ್ತೀನಿ, ಇದು ತಲೇಲಿ ಕೂತ್ಕೊಂಡ್ರೆ ಸಾಕು. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಬ್ರೇಕ್ ಹಿಡೀಬೇಕು ಅಂತ ಹೊಳೆದು ಕೈ ಹೋಗೋಕೆ ಒಂದು ಸೆಕೆಂಡ್ ಆದ್ರೆ 17 ಮೀಟರ್ ಹಾಗೇ ಹೋಗಿರುತ್ತೆ, ಆಮೇಲೆ ಚೆನ್ನಾಗಿ ಬ್ರೇಕ್ ಹಿಡಿದ್ರೂ ಒಣ ರೋಡಲ್ಲಿ ಇನ್ನೂ ಸುಮಾರು 20 ಮೀಟರ್ ಬೇಕು. ಅದೇ 30ರಲ್ಲಿದ್ರೆ ಬ್ರೇಕ್ ಹಿಡಿದ ಮೇಲಿನ ದೂರ 5 ಮೀಟರ್, ಅರ್ಧ ಅಲ್ಲ, ಕಾಲು ಭಾಗ. ನಿಂತ ಗಾಡಿಗಳ ಮಧ್ಯೆ ನುಸುಳುವಾಗ ಇದನ್ನ ನೆನಪಿಟ್ಕೊಳ್ಳಿ, ಅಲ್ಲಿ ಯಾವಾಗ ಯಾರು ಬಾಗಿಲು ತೆಗೀತಾರೆ, ಯಾವ ಸಂದಿಯಿಂದ ಯಾರು ನಡ್ಕೊಂಡು ಬರ್ತಾರೆ ಗೊತ್ತಿರಲ್ಲ. ಹೊಸಬರು ಮೊದಲ ಕೆಲವು ತಿಂಗಳು ನುಸುಳ್ದೇ ಇರೋದೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ, ಹಿಂದಿನವ್ರು ಎಷ್ಟಾದ್ರೂ ಹಾರ್ನ್ ಹೊಡೀಲಿ.

ಮುಂದಿನ ಗಾಡಿಯಿಂದ ಎರಡು ಸೆಕೆಂಡ್ ದೂರ ಇಟ್ಕೊಳ್ಳಿ, ಅಂದ್ರೆ ಅದು ದಾಟಿದ ಕಂಬದ ಹತ್ತಿರ ನೀವು ಬರೋಕೆ ಎರಡು ಸೆಕೆಂಡ್ ಆಗ್ಬೇಕು, ಮಳೇಲಿ ನಾಲ್ಕು. ಮಧ್ಯೆ ಯಾರಾದ್ರೂ ನುಗ್ತಾರೆ, ನುಗ್ಗಲಿ, ಇನ್ನೊಂಚೂರು ಹಿಂದೆ ಸರೀರಿ. ಲಾರಿ ಬಸ್ಸಿನ ಪಕ್ಕದಲ್ಲಿ ಸಮಸಮಕ್ಕೆ ಓಡಿಸ್ಲೇಬೇಡಿ. ಅದರ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣ್ತಿಲ್ಲ ಅಂದ್ರೆ ಅವರಿಗೂ ನೀವು ಕಾಣ್ತಿಲ್ಲ, ತಿರುವಿನಲ್ಲಿ ಅದರ ಹಿಂದಿನ ಚಕ್ರ ಮುಂದಿನ ಚಕ್ರದ ದಾರೀಲೇ ಬರಲ್ಲ, ಒಳಗೆ ಸರ್ಕೊಂಡು ಬರುತ್ತೆ, ಅಲ್ಲಿ ನೀವಿದ್ರೆ ಜಾಗವೇ ಇರಲ್ಲ. ಸಿಗ್ನಲ್ಲಲ್ಲಿ ಕೊನೆಯಲ್ಲಿ ನಿಂತಾಗ ಫಸ್ಟ್ ಗೇರಲ್ಲೇ ಇದ್ದು ಕನ್ನಡಿ ನೋಡ್ತಿರಿ, ಹಿಂದೆ ಒಂದು ಗಾಡಿ ಬಂದು ನಿಲ್ಲೋವರೆಗೂ. ಮಳೆ ಶುರುವಾದ ಮೊದಲ ಹೊತ್ತು, ರೋಡಿನ ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ ಇವೆಲ್ಲಾ ಜಾರುತ್ತೆ, ಅದರ ಮೇಲೆ ಬ್ರೇಕೂ ಬೇಡ ವಾಲಿಸೋದೂ ಬೇಡ.

ಹೆಲ್ಮೆಟ್ ಹಾಕ್ತೀರಿ ಅಂತ ನಂಬ್ತೀನಿ, ಪಟ್ಟಿ ಬಿಗಿಯಾಗಿ ಕಟ್ಟಿ, ಇಲ್ದಿದ್ರೆ ಬಿದ್ದಾಗ ಹೆಲ್ಮೆಟ್ ಒಂದು ಕಡೆ, ತಲೆ ಒಂದು ಕಡೆ. 1935ರಲ್ಲಿ ಬೈಕಿಂದ ಬಿದ್ದು ತೀರಿಕೊಂಡ, 'ಲಾರೆನ್ಸ್ ಆಫ್ ಅರೇಬಿಯಾ' ಅಂತ ಹೆಸರಾದ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್ ಅವರನ್ನ ನೋಡಿದ ಡಾಕ್ಟರುಗಳಲ್ಲಿ ಹ್ಯೂ ಕೇರ್ನ್ಸ್ ಒಬ್ಬರು, ಅವರೇ ಮುಂದೆ ಇದರ ಹಿಂದೆ ಬಿದ್ದು 1941ರಲ್ಲಿ ಹೆಲ್ಮೆಟ್ ತಲೆ ಉಳಿಸುತ್ತೆ ಅಂತ ಪ್ರಬಂಧ ಬರೆದ್ರು. ಹೆಲ್ಮೆಟ್ ಬಗೆಗಿನ ಹಲವು ಅಧ್ಯಯನಗಳನ್ನ ಒಟ್ಟಿಗೆ ನೋಡಿದ 2008ರ ಕೊಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನ ಪರಿಶೀಲಿಸೋ ಸಂಸ್ಥೆ) ವಿಮರ್ಶೆ ಪ್ರಕಾರ ಹೆಲ್ಮೆಟ್ ಹಾಕಿದ್ರೆ ಅಪಘಾತದಲ್ಲಿ ಸಾಯೋ ಅಪಾಯ 42 ಶೇಕಡಾ, ತಲೆಗೆ ಪೆಟ್ಟಾಗೋ ಅಪಾಯ 69 ಶೇಕಡಾ ಕಮ್ಮಿ ಆಗುತ್ತೆ. ಒಂದು ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಹಾಕ್ಬೇಡಿ, ಒಳಗಿನ ಥರ್ಮಾಕೋಲ್ ಥರದ ಪದರ ಕುಗ್ಗಿ ಹೋಗಿರುತ್ತೆ, ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ.

ಕೊನೇದಾಗಿ ನಿಮ್ಮ ಕೈ ಬಿಗಿಯೋ ವಿಷಯ. ಬೈಕು ಓಡ್ತಿರುವಾಗ ಯಾವ ಕಡೆಯ ಹ್ಯಾಂಡಲನ್ನ ಮುಂದಕ್ಕೆ ಒತ್ತುತೀರೋ ಆ ಕಡೆಗೇ ವಾಲುತ್ತೆ, ತೋಳು ಮರದ ತುಂಡಿನ ಹಾಗೆ ಬಿಗಿದಿದ್ರೆ ಆ ಸಣ್ಣ ಒತ್ತು ಕೊಡೋಕೇ ಆಗಲ್ಲ, ಗುಂಡಿ ಕಂಡ್ರೂ ತಪ್ಪಿಸೋಕಾಗಲ್ಲ. ಗುಂಡೀನೇ ದಿಟ್ಟಿಸಿ ನೋಡಿದ್ರಂತೂ ಗಾಡಿ ಸೀದಾ ಅದರೊಳಗೇ ಹೋಗುತ್ತೆ, ಪಕ್ಕದ ಒಳ್ಳೆ ರೋಡಿನ ಕಡೆ ಕಣ್ಣಿಡಿ. ಮಂಡಿಯಿಂದ ಟ್ಯಾಂಕನ್ನ ಒತ್ತಿ ಹಿಡ್ಕೊಂಡು ನೋಡಿ, ದೇಹದ ಭಾರ ಕಾಲಿಗೆ ಬಂದ ತಕ್ಷಣ ಮೊಣಕೈ ತಾನಾಗೇ ಸಡಿಲ ಆಗುತ್ತೆ. ಮೊದಲ ಎರಡು ವಾರ ಬೆಳಗ್ಗೆ ಬೇಗ, ಟ್ರಾಫಿಕ್ ತುಂಬೋಕೆ ಮುಂಚೆ ನಿಮ್ಮ ಮಾಮೂಲಿ ರೂಟಲ್ಲೇ ಓಡಿಸಿ, ಎಲ್ಲೆಲ್ಲಿ ಪಕ್ಕದ ರೋಡು ಬಂದು ಸೇರುತ್ತೆ ಅಂತ ಗುರುತಿಟ್ಕೊಳ್ಳಿ, ಆಮೇಲೆ ದಿನಾ ಹತ್ತು ಹದಿನೈದು ನಿಮಿಷ ತಡವಾಗಿ ಹೊರಡ್ತಾ ಬನ್ನಿ.